ಚೆಂಡಿಗೆ ತೂಕ ಬಂದಿಲ್ಲ

ಹುಡುಗ: ಅಕ್ಕಾ, ಫೀಸು ಕಟ್ಟೋಕೆ ಈ ತಿಂಗಳ ಕೊನೇ ತನಕ ಟೈಮಿದೆ. ಅಪ್ಪ ಅರ್ಧ ಒಪ್ಪಿದ್ದಾರೆ. ‘ಆ ಹುಡುಗಿ ಬೆಂಗಳೂರಲ್ಲಿ ಅದೇ ಅನಿಮೇಷನ್ ಕೆಲಸದಲ್ಲಿದ್ದಾಳಲ್ಲ, ಅವಳು ಹೂಂ ಅಂದ್ರೆ ನೋಡೋಣ’ ಅಂದ್ರು. ನೀವೊಂದು ಹೂಂ ಅಂದ್ಬಿಡಿ.

ಅಕ್ಕ: ಹೂಂ ಅನ್ನೋಕೇನು, ಈಗಲೇ ಅಂದೇನು. ಆಮೇಲೆ ಹಾಸನಕ್ಕೆ ಬಂದಾಗಲೆಲ್ಲ ನಿಮ್ಮಪ್ಪನ ಕಣ್ಣು ತಪ್ಪಿಸಿ ಓಡಾಡಬೇಕಾದೋಳು ನಾನು. ಯಾವ ಸ್ಕೂಲಿಗೆ ಸೇರ್ತಿರೋದು?

ಹುಡುಗ: ಅನಿಮೇಷನ್ ಮೆಂಟರ್. ಅಮೆರಿಕದ್ದು, ಪೂರ್ತಿ ಆನ್‌ಲೈನ್. ಪಿಕ್ಸಾರ್‌ನವರು ಶುರು ಮಾಡಿದ್ದಂತೆ.

ಅಕ್ಕ: ಹೌದು, 2005ರಲ್ಲಿ. ಬಾಬಿ ಬೆಕ್, ಕಾರ್ಲೋಸ್ ಬೇನಾ ಇಬ್ಬರೂ ಪಿಕ್ಸಾರ್‌ನಲ್ಲಿದ್ದೋರು. ಶಾನ್ ಕೆಲ್ಲಿ ಐಎಲ್ಎಂನೋನು, ‘ಸ್ಟಾರ್ ವಾರ್ಸ್’ ಗ್ರಾಫಿಕ್ಸ್ ಮಾಡೋ ಕಂಪನಿ ಅದು. ಯೂಟ್ಯೂಬ್ ಹುಟ್ಟಿದ ವರ್ಷ ಅದು, ನೆನಪಿಟ್ಕೋ. ಹಗಲು ಸ್ಟುಡಿಯೋದಲ್ಲಿ ಷಾಟ್ ಮಾಡೋ ಅನಿಮೇಟರು ಸಂಜೆ ಮನೇಲಿ ಕೂತು ಇನ್ಯಾವುದೋ ದೇಶದ ಹುಡುಗನ ಕೆಲಸ ನೋಡಿ ತಿದ್ದೋದು, ಇಷ್ಟೇ ಅವರ ಐಡಿಯಾ. ಮಾಡೆಲಿಂಗು, ಲೈಟಿಂಗು, ಅದೂ ಇದೂ ಎಲ್ಲ ಬಿಟ್ಟು ಪಾತ್ರ ನಡೆಸೋದೊಂದನ್ನೇ ಕಲಿಸ್ತೀವಿ, ರಿಗ್, ಅಂದ್ರೆ ಆಡಿಸೋಕೆ ರೆಡಿ ಇರೋ ಗೊಂಬೆ, ನಾವೇ ಕೊಡ್ತೀವಿ ಅಂದ್ರು. ಆಗ ಅದು ಹೊಸದು. 2010ರ ಹೊತ್ತಿಗೆ ಜೇಸನ್ ರಯಾನ್ ಐಅನಿಮೇಟ್ ಶುರು ಮಾಡಿದ, ಅನಿಮ್‌ಸ್ಕೂಲೂ ಬಂತು. ಈಗ ಬೇಕಾದಷ್ಟಿವೆ ಬಿಡು.

ಹುಡುಗ: ಹಂಗಾದ್ರೆ ಒಳ್ಳೇದೇ ಅಲ್ವಾ?

ಅಕ್ಕ: ಸ್ಕೂಲಿನ ವಿಷಯ ಆಮೇಲೆ ನೋಡೋಣ. ಎಷ್ಟು ಖರ್ಚು ಅಂತ ಲೆಕ್ಕ ಹಾಕಿದ್ದೀಯ?

ಹುಡುಗ: ಮೂರು ಮೂರು ತಿಂಗಳ ಆರು ಟರ್ಮು, ಒಟ್ಟು ಒಂದೂವರೆ ವರ್ಷ. ಟರ್ಮಿಗೆ ಎರಡು ಸಾವಿರ ಡಾಲರಿನ ಮೇಲಾಗುತ್ತೆ. ರೂಪಾಯಿ ಲೆಕ್ಕದಲ್ಲಿ ಹತ್ತು ಲಕ್ಷ ದಾಟುತ್ತೆ.

ಅಕ್ಕ: ಹತ್ತು ಲಕ್ಷ ಯಾವುದಕ್ಕೆ ಕೊಡ್ತೀಯ?

ಹುಡುಗ: ಕಲಿಯೋಕೆ.

ಅಕ್ಕ: ಪಾಠಕ್ಕೆ ಅಂತೀಯಾ? ಪಾಠ ಎಲ್ಲಿ ಕೈ ಹಾಕಿದ್ರೂ ಸಿಗುತ್ತೆ ಕಣೋ. ಡಿಸ್ನಿಯ ಫ್ರಾಂಕ್ ಥಾಮಸ್, ಓಲಿ ಜಾನ್‌ಸ್ಟನ್ 1981ರಲ್ಲೇ ‘ದಿ ಇಲ್ಯೂಷನ್ ಆಫ್ ಲೈಫ್’ ಬರೆದು ತಮ್ಮ ಹನ್ನೆರಡು ಸೂತ್ರಾನೂ ಊರಿಗೆಲ್ಲ ಹೇಳಿಬಿಟ್ರು. ರಿಚರ್ಡ್ ವಿಲಿಯಮ್ಸ್ ಪುಸ್ತಕ 2001ರಿಂದ ಅಂಗಡಿಯಲ್ಲಿದೆ, ನಡಿಗೆ ಒಂದಕ್ಕೇ ಎಷ್ಟೋ ಪುಟ ಬರೆದಿದ್ದಾನೆ ಪುಣ್ಯಾತ್ಮ. ಸಾಫ್ಟ್‌ವೇರಿಗೆ ಅಂದ್ರೆ, ಬ್ಲೆಂಡರ್‌ಗೆ ಯಾರೂ ಕಾಸು ಕೇಳಲ್ಲ. ಓದೋ ಹುಡುಗರಿಗೆ ಮಾಯಾ ಕೂಡ ಬಿಟ್ಟಿ ಕೊಡ್ತಾರೆ. ರಿಗ್ಗುಗಳೂ ಪುಕ್ಕಟೆ ಸಿಗ್ತವೆ.

ಹುಡುಗ: ಸರ್ಟಿಫಿಕೇಟು?

ಅಕ್ಕ: ಅದನ್ನ ಫ್ರೇಮ್ ಹಾಕಿಸಿ ನಡುಮನೇಲಿ ನೇತುಹಾಕಬಹುದು, ನಿಮ್ಮಮ್ಮಂಗೆ ಖುಷಿಯಾಗುತ್ತೆ. ಕೆಲಸಕ್ಕೆ ತಗೊಳ್ಳುವಾಗ ನಾವು ನೋಡೋದು ಷೋರೀಲು, ನೀನು ಮಾಡಿದ ಕೆಲಸದ ತುಣುಕು ಜೋಡಿಸಿದ ವಿಡಿಯೋ. ಒಂದು ನಿಮಿಷ, ಒಂದೂವರೆ ನಿಮಿಷ, ಅಷ್ಟೇ. ಅದರಲ್ಲೂ ಮೊದಲ ಹತ್ತು ಸೆಕೆಂಡು ಹಿಡಿಸಲಿಲ್ಲ ಅಂದ್ರೆ ಲೀಡ್ ಮುಂದಿನ ಲಿಂಕು ಒತ್ತಿರ್ತಾನೆ.

ಹುಡುಗ: ನೀವು ಹೇಳೋದು ನೋಡಿದ್ರೆ ಸೇರೋದೇ ಬೇಡ ಅನ್ನೋ ಹಾಗಿದೆ. ‘ಫ್ಲೋ’ ಅನ್ನೋ ಬೆಕ್ಕಿನ ಸಿನಿಮಾ ಮಾಡಿದೋನು ಯಾವ ಸ್ಕೂಲಿಗೆ ಹೋಗಿದ್ದ? ಲ್ಯಾಟ್ವಿಯಾದೋನು, ಬ್ಲೆಂಡರ್‌ನಲ್ಲಿ ಮಾಡಿ 2025ರಲ್ಲಿ ಆಸ್ಕರ್ ತಗೊಂಡ.

ಅಕ್ಕ: ಗಿಂಟ್ಸ್ ಜಿಲ್ಬಲೋಡಿಸ್. ಅದಕ್ಕೂ ಮೊದಲು ‘ಅವೇ’ ಅನ್ನೋ ಪೂರ್ತಿ ಸಿನಿಮಾನ ಒಬ್ಬನೇ ಕೂತು ಮಾಡಿದ್ದ, 2019ರಲ್ಲಿ. ಸ್ಕೂಲಿಗೆ ಹೋಗೋ ವಯಸ್ಸಿನಿಂದ ಸಣ್ಣ ಸಣ್ಣ ಫಿಲಂ ಮಾಡ್ತಾ ಬಂದೋನು ಅವನು. ಅಂಥೋರಿಗೆ ಸ್ಕೂಲು ಬೇಡ, ನಿಜ. ಆದ್ರೆ ಅವನು ನಿರ್ದೇಶಕ. ತನ್ನ ಕಥೆ, ತನ್ನ ಬೆಕ್ಕು, ತನ್ನ ಲೆಕ್ಕ. ನಿನಗೆ ಬೇಕಾಗಿರೋದು ಸ್ಟುಡಿಯೋ ಕೆಲಸ. ಇನ್ಯಾರೋ ಬರೆದ ಪಾತ್ರಾನ ಇನ್ಯಾರೋ ಹೇಳಿದ ಹಾಗೆ ನಡೆಸಿ, ಸಂಜೆ ಡೈಲೀಸ್‌ನಲ್ಲಿ, ಅಂದ್ರೆ ದಿನದ ಕೆಲಸ ನೋಡೋ ಮೀಟಿಂಗಲ್ಲಿ, ಇಪ್ಪತ್ತು ಜನರ ಮುಂದೆ ಉಗಿಸಿಕೊಂಡು, ಮತ್ತೆ ಮಾಡೋ ಕೆಲಸ. ಎರಡೂ ಬೇರೆ ಬೇರೆ ದಾರಿ.

ಹುಡುಗ: ಸರಿ, ಮತ್ತೆ ಆ ದುಡ್ಡು ಯಾವುದಕ್ಕೆ? ನೀವೇ ಹೇಳಿ.

ಅಕ್ಕ: ತಿದ್ದೋದಕ್ಕೆ. ವಾರಕ್ಕೊಂದು ಸಲ ಬಲ್ಲೋರು ಒಬ್ಬರು ನಿನ್ನ ಕೆಲಸ ಫ್ರೇಮ್ ಫ್ರೇಮಾಗಿ ತಿರುಗಿಸಿ, ಅದರ ಮೇಲೇ ಗೆರೆ ಎಳೆದು, ಇಲ್ಲಿ ಸೊಂಟ ತಡವಾಗಿ ಹೊರಟಿದೆ, ಇಲ್ಲಿ ಕೈ ಒಂದೇ ವೇಗದಲ್ಲಿ ಹೋಗ್ತಿದೆ, ಈ ಚೆಂಡಿಗೆ ತೂಕ ಬಂದಿಲ್ಲ, ತೇಲ್ತಿದೆ ಅಂತ ತೋರಿಸಿ ಕಳಿಸ್ತಾರಲ್ಲ, ಆ ಹತ್ತು ಹದಿನೈದು ನಿಮಿಷದ ರೆಕಾರ್ಡಿಂಗಿಗೆ ನೀನು ಕೊಡೋದು. ಸಂಗೀತದ ಹಾಗೇ ಅನ್ನು. ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡು ಜೀವನಪೂರ್ತಿ ಕೇಳಬಹುದು, ನಿನ್ನ ನಿಷಾದ ಇಳಿದಿದೆ ಅಂತ ರೆಕಾರ್ಡು ಹೇಳಲ್ಲ.

ಹುಡುಗ: ಯೂಟ್ಯೂಬಲ್ಲಿ ಕಾಮೆಂಟಲ್ಲಿ ಹೇಳ್ತಾರಲ್ಲ.

ಅಕ್ಕ: ಸೂಪರ್ ಬ್ರೋ ಅಂತ ಹೇಳ್ತಾರೆ. ಅದರಿಂದ ಹಾಳಾದ ಹುಡುಗರ ಷೋರೀಲು ವಾರಕ್ಕೆ ನಾಲ್ಕು ಬರ್ತವೆ ನನಗೆ.

ಈ ತಿದ್ದಿಸಿಕೊಳ್ಳೋದು ಹೊಸ ವಿದ್ಯೆ ಏನಲ್ಲ. ಪುಸ್ತಕ ಬರೆದ ರಿಚರ್ಡ್ ವಿಲಿಯಮ್ಸ್ ಇದ್ದನಲ್ಲ, ಅವನು ಲಂಡನ್ನಲ್ಲಿ ಸ್ವಂತ ಸ್ಟುಡಿಯೋ ಇಟ್ಟು ಹೆಸರು ಮಾಡಿದ ಮೇಲೆ, 1973ರಲ್ಲಿ, ಹಳೇ ಡಿಸ್ನಿ ಅನಿಮೇಟರ್ ಆರ್ಟ್ ಬ್ಯಾಬಿಟ್‌ನ ಕರೆಸಿ ಪಾಠ ಇಡಿಸಿದ. ಮಾಲೀಕನೇ ತನ್ನ ಕೆಲಸಗಾರರ ಜೊತೆ ಕೂತು ಕಲಿತ. ನಮ್ಮಲ್ಲೂ ಹಾಗೇ ಆಗಿದ್ದು. ಡಿಸ್ನಿಯಲ್ಲಿದ್ದ ಕ್ಲೇರ್ ವೀಕ್ಸ್ ಅನ್ನೋರು 1956ರಲ್ಲಿ ಬಾಂಬೆಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ಅಲ್ಲಿನ ಹುಡುಗರ ಕೈ ತಿದ್ದಿದ್ರು. ಆ ಹುಡುಗರಲ್ಲಿ ರಾಮ್ ಮೋಹನ್ ಒಬ್ಬರು. ಮುಂದೆ ನಮ್ಮ ದೇಶದ ಅನಿಮೇಷನ್ನಿಗೇ ಅವರು ಹಿರಿಯರಾದ್ರು. ಆಗ ಗುರು ಹಡಗೋ ವಿಮಾನವೋ ಹತ್ತಿ ಬರಬೇಕಿತ್ತು, ಈಗ ಫೈಲು ಹೋಗಿ ಬರುತ್ತೆ. ವ್ಯತ್ಯಾಸ ಅಷ್ಟೇ.

ಹುಡುಗ: ಅಂದ್ರೆ ಆನ್‌ಲೈನ್ ಆದ್ರೂ ಪರವಾಗಿಲ್ಲ ಅಂತೀರಿ.

ಅಕ್ಕ: ಪರವಾಗಿಲ್ಲ ಏನು, ಈ ಕೆಲಸಕ್ಕೆ ಒಂದು ರೀತೀಲಿ ಅದೇ ಮೇಲು. ನಾವು ಮಾಡೋದೂ ಸ್ಕ್ರೀನಿನ ಮೇಲೆ, ತಿದ್ದೋದೂ ಸ್ಕ್ರೀನಿನ ಮೇಲೆ. ಇಲ್ಲೇ ಬೆಂಗಳೂರಲ್ಲಿ ಒಂದು ಇನ್‌ಸ್ಟಿಟ್ಯೂಟಲ್ಲಿ ಎರಡು ವರ್ಷ ಓದಿದೆ ನಾನು. ಎ.ಸಿ. ಲ್ಯಾಬು, ಗೋಡೆ ತುಂಬ ಪೋಸ್ಟರು, ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’. ಪಾಠ ಮಾಡ್ತಿದ್ದೋನು ಹೋದ ಬ್ಯಾಚಿನ ವಿದ್ಯಾರ್ಥಿ. ಅವನೂ ಸ್ಟುಡಿಯೋ ಒಳಗೆ ಕಾಲಿಟ್ಟಿರಲಿಲ್ಲ. ಯಾವ ಬಟನ್ ಎಲ್ಲಿದೆ ಅಂತ ಚೆನ್ನಾಗಿ ಹೇಳಿಕೊಟ್ಟ, ಪಾಪ. ನನ್ನ ಮೊದಲ ಕೆಲಸದ ಮೊದಲ ವಾರ ನನ್ನ ಸೂಪರ್‌ವೈಸರು ಒಂದು ಷಾಟ್ ಹನ್ನೊಂದು ಸಲ ವಾಪಸ್ ಕಳಿಸಿದ್ರು. ಆ ವಾರ ಕಲಿತಷ್ಟು ಆ ಎರಡು ವರ್ಷದಲ್ಲಿ ಕಲಿತಿರಲಿಲ್ಲ.

ಅದಕ್ಕೇ ಹೇಳ್ತೀನಿ, ಕಟ್ಟಡ ಎಲ್ಲಿದೆ ಅಂತ ಕೇಳಬೇಡ. ನನ್ನ ಕೆಲಸ ನೋಡೋದು ಯಾರು, ಅವರು ಈಗ ಯಾವ ಸ್ಟುಡಿಯೋದಲ್ಲಿದ್ದಾರೆ, ಒಬ್ಬರ ಕೈಕೆಳಗೆ ಎಷ್ಟು ಜನ ವಿದ್ಯಾರ್ಥಿಗಳು ಅಂತ ಕೇಳು. ಸ್ಕೂಲಿನೋರು ಮುಂದಿಟ್ಟು ತೋರಿಸೋ ಷೋರೀಲ್ ನೋಡಿ ಮರುಳಾಗಬೇಡ. ಅದು ಅವರ ಸಾವಿರಾರು ವಿದ್ಯಾರ್ಥಿಗಳಲ್ಲಿ ಅತಿ ಚೆನ್ನಾಗಿ ಮಾಡಿದ ಮೂವತ್ತು ಜನರದ್ದು. ಅದೇ ಬ್ಯಾಚಿನಲ್ಲಿ ಸಾಧಾರಣವಾಗಿ ಮಾಡಿದ ಒಬ್ಬನ ಕೆಲಸ ಹುಡುಕಿ ನೋಡು. ಮೊದಲ ಟರ್ಮಲ್ಲಿ ಮಾಡಿದ್ದು, ಕೊನೇ ಟರ್ಮಲ್ಲಿ ಮಾಡಿದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ನಿನ್ನ ಹತ್ತು ಲಕ್ಷಕ್ಕೆ ಏನು ಬರುತ್ತೆ ಅನ್ನೋದು ಅಲ್ಲಿ ಕಾಣುತ್ತೆ.

ಹುಡುಗ: ಕ್ಲಾಸು ಅಲ್ಲಿ ಸಂಜೆ ಆರಕ್ಕೆ ಅಂತಿದೆ.

ಅಕ್ಕ: ಅವರ ಬೇಸಗೇಲಿ ನಿನಗೆ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಆಗ ಏಳೂವರೆ. ಅದೇನು ಕಷ್ಟ ಇಲ್ಲ. ಕಷ್ಟ ಇರೋದು ಉಳಿದ ಆರು ದಿನದಲ್ಲಿ. ವಾರಕ್ಕೆ ಇಪ್ಪತ್ತು ಗಂಟೆಗೆ ಕಡಿಮೆ ಇಲ್ಲದ ಹಾಗೆ ಒಬ್ಬನೇ ಕೂರಬೇಕು. ಪಕ್ಕದಲ್ಲಿ ಗೆಳೆಯ ಇರಲ್ಲ, ಮೇಷ್ಟ್ರು ಇರಲ್ಲ, ಹಿಂದಿನಿಂದ ನಿಮ್ಮಮ್ಮ ‘ಇನ್ನೂ ಆ ಚೆಂಡೇನಾ’ ಅಂತಿರ್ತಾರೆ. ಕ್ಲಾಸು ಶುರುವಾಗಿ ನಾಲ್ಕನೇ ವಾರಕ್ಕೆ ಕ್ಯಾಮರಾ ಆಫ್ ಮಾಡಿ ಕೂರೋರು ಎಷ್ಟು ಜನ ಅಂತೀಯ. ಬುದ್ಧಿ ಕಡಿಮೆ ಅಂತ ಅಲ್ಲ ಅವರಿಗೆ, ಒಂಟಿಯಾಗಿ ಕೂತು ತಪ್ಪನ್ನೇ ನೋಡ್ತಾ ಇರೋದು ಎಲ್ಲರ ಕೈಲೂ ಆಗಲ್ಲ.

ಹುಡುಗ: ನಂಗೆ ಆಗುತ್ತೆ ಅಕ್ಕ. ಲ್ಯಾಪ್‌ಟಾಪಿಗೆ ಹದಿನಾರು ಜಿಬಿ ರ‍್ಯಾಮ್ ಹಾಕಿಸಿದ್ದೀನಿ.

ಅಕ್ಕ: ಸಾಕು. ಇದಕ್ಕಿಂತ ದೊಡ್ಡ ಮೆಷಿನ್ ಬೇಕು ಅಂತ ಯಾರಾದ್ರೂ ಹೇಳಿದ್ರೆ ಅವರು ಮೆಷಿನ್ ಮಾರೋರು. ಬಿ.ಕಾಂ. ಏನಾಯ್ತು?

ಹುಡುಗ: ಕೊನೇ ವರ್ಷ. ಬಿಟ್ಟುಬಿಡೋಣ ಅಂತ...

ಅಕ್ಕ: ಬಿಟ್ಟರೆ ನನ್ನ ಮನೆ ಕಡೆ ತಲೆ ಹಾಕಬೇಡ! ಇದು ಡಿಗ್ರಿ ಅಲ್ಲ, ಕೋರ್ಸು. ಇಲ್ಲಿ ಕೆಲಸಕ್ಕೆ ಯಾರೂ ಕೇಳಲ್ಲ, ಸರಿ. ನಾಳೆ ವ್ಯಾಂಕೂವರೋ ಲಾಸ್ ಏಂಜಲೀಸೋ ಕರೆದ್ರು ಅನ್ಕೋ, ಅಮೆರಿಕದ ಎಚ್-1ಬಿ ವೀಸಾಕ್ಕೆ ಕೈತುಂಬ ಷೋರೀಲ್ ಇಟ್ಕೊಂಡು ಹೋದ್ರೂ ಮೊದಲು ಡಿಗ್ರಿ ಎಲ್ಲಿ ಅಂತಾರೆ, ಅದೂ ಕೆಲಸಕ್ಕೆ ಹೊಂದೋ ಡಿಗ್ರಿ. ಬಿ.ಕಾಂ. ಅದಕ್ಕೆ ಪೂರ್ತಿ ಸಾಲದು, ಆದ್ರೂ ಏನೂ ಇಲ್ಲದಿರೋದಕ್ಕಿಂತ ವಾಸಿ. ಬ್ಯಾಂಕಿನೋರೂ ಅಷ್ಟೇ, ಡಿಗ್ರಿ ಇಲ್ಲದ ವಿದೇಶಿ ಕೋರ್ಸಿಗೆ ವಿದ್ಯಾಸಾಲ ಅಂದ್ರೆ ಮುಖ ಬೇರೆ ಕಡೆ ತಿರುಗಿಸ್ತಾರೆ. ಹಾಗಾದ್ರೆ ನಿಮ್ಮಪ್ಪ ಎಲ್ಲಿಂದ ತರ್ತಾರೆ?

ಹುಡುಗ: ಸೊಸೈಟೀಲಿ ಇಟ್ಟಿರೋದಿದೆ. ಮಿಕ್ಕಿದ್ದಕ್ಕೆ ಬೇಲೂರು ರಸ್ತೆ ಸೈಟು.

ಅಕ್ಕ: ಸೈಟು ಮಾರೋ ಮಾತಾಡಬೇಡ ಮಾರಾಯ. ಆರೂ ಟರ್ಮಿಗೆ ಒಟ್ಟಿಗೆ ಕಟ್ಟು ಅಂತ ಯಾರೂ ಹೇಳಿಲ್ಲವಲ್ಲ. ಒಂದು ಟರ್ಮಿಗೆ ಕಟ್ಟಿ, ಮುಗಿಸಿ, ಅದರಲ್ಲಿ ಏನಾಗಿದೆ ನೋಡ್ಕೊಂಡು ಮುಂದಿನದು. ನಡುವೆ ಆರು ತಿಂಗಳು ಬಿಟ್ಟರೂ ಆಕಾಶ ಬೀಳಲ್ಲ. ಬಿಟ್ಟರೆ ದುಡ್ಡು ವಾಪಸ್ ಬರುತ್ತಾ, ಎಷ್ಟು ದಿನದೊಳಗೆ, ಇದನ್ನ ಕಟ್ಟೋಕೆ ಮೊದಲು ಬರಹದಲ್ಲಿ ಕೇಳಿ ಇಟ್ಕೋ.

ಹುಡುಗ: ಕಷ್ಟಪಟ್ಟು ಕಲಿತರೆ ಕೆಲಸ ಇದೆ ತಾನೆ? ‘ಮಹಾವತಾರ್ ನರಸಿಂಹ’ ಅನಿಮೇಷನ್ ಸಿನಿಮಾ ಎಷ್ಟು ಓಡ್ತು ನೋಡಿ. ನಮ್ಮ ಹೊಂಬಾಳೆಯವರೇ ತಂದಿದ್ದು. ಹಾಸನದಲ್ಲೇ ನಮ್ಮಜ್ಜಿ ಹೋಗಿ ಕೈಮುಗಿದು ಬಂದ್ರು. ಸರ್ಕಾರದೋರೂ ಈಗ ಅನಿಮೇಷನ್, ಗೇಮಿಂಗ್ ಎಲ್ಲ ಸೇರಿಸಿ ಎವಿಜಿಸಿ ಅಂತ ಪಾಲಿಸಿ ಮಾಡಿದ್ದಾರೆ.

ಅಕ್ಕ: ಪಾಲಿಸಿ ಈಗಿಂದಲ್ಲ, 2012ರಿಂದ ಇದೆ. ಈಗಿರೋದು 2024ರಿಂದ 29ರ ತನಕದ್ದು. ಮಹದೇವಪುರದಲ್ಲಿ ಸೆಂಟರೂ ಇದೆ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ 2025ರಲ್ಲಿ ಆ ಸಿನಿಮಾ ಬಂದ ಜುಲೈ ಒಂದೇ ಬಂದಿದ್ದಲ್ಲ, ಫೆಬ್ರವರೀನೂ ಬಂದಿತ್ತು. ಟೆಕ್ನಿಕಲರ್ ಮುಚ್ಚಿದ್ದು ಆಗ. ಲಂಡನ್ನು, ಇಲ್ಲಿ ಬೆಂಗಳೂರು, ಮುಂಬೈ, ಒಂದೇ ಏಟಿಗೆ. ಹಾಲಿವುಡ್ಡಿನ ದೊಡ್ಡ ದೊಡ್ಡ ಸಿನಿಮಾದ ಕೆಲಸ ನಮ್ಮೂರಿಗೆ ತಂದ ಕಂಪನಿ ಅದು. ಹತ್ತು ಹದಿನೈದು ವರ್ಷ ಅನುಭವ ಇದ್ದೋರು ಒಂದೇ ವಾರ ಸಾವಿರಾರು ಜನ ಬೀದಿಗೆ ಬಂದ್ರು. ಇದೇ ಮೊದಲಲ್ಲ. 2013ರಲ್ಲಿ ‘ಲೈಫ್ ಆಫ್ ಪೈ’ಗೆ ಹುಲಿ ಮಾಡಿದ ರಿದಮ್ ಅಂಡ್ ಹ್ಯೂಸ್ ದಿವಾಳಿ ಅರ್ಜಿ ಹಾಕಿದ ತಿಂಗಳಲ್ಲೇ ಆ ಕೆಲಸಕ್ಕೆ ಆಸ್ಕರ್ ಬಂತು. ಕೆಲಸ ಚೆನ್ನಾಗಿ ಮಾಡೋದಕ್ಕೂ ಕಂಪನಿ ಉಳಿಯೋದಕ್ಕೂ ಸಂಬಂಧ ಇಲ್ಲ ಅನ್ನೋದು ಈ ಲೈನಿನ ಮೊದಲ ಪಾಠ, ಅದನ್ನ ಯಾವ ಸ್ಕೂಲೂ ಕಲಿಸಲ್ಲ.

ಹುಡುಗ: ಅದರ ಮೇಲೆ ಎಐ ಬೇರೆ.

ಅಕ್ಕ: ಅದನ್ನೂ ಕೇಳ್ತೀಯ ಅಂತ ಕಾಯ್ತಿದ್ದೆ. ಪೆಟ್ಟು ಬೀಳೋದು ಕೆಳಗಿನ ಮೆಟ್ಟಿಲಿಗೆ ಅಂತ ನನ್ನ ಲೆಕ್ಕ. ಹಿನ್ನೆಲೇಲಿ ನಡೆಯೋ ಜನ, ಜಾಹೀರಾತಿನ ಸಣ್ಣಪುಟ್ಟ ಕುಣಿತ, ಹೊಸಬರಿಗೆ ಮೊದಲು ಕೊಡೋ ಕೆಲಸಗಳೇ ಅವು. ಅದನ್ನೇ ಮೆಷಿನ್ ಮಾಡಿದ್ರೆ ಹೊಸಬ ಹತ್ತೋದೆಲ್ಲಿಂದ? ಅದಕ್ಕೆ ಯಾವ ಸ್ಟುಡಿಯೋನೂ ಇನ್ನೂ ನೆಟ್ಟಗೆ ಉತ್ತರ ಹೇಳ್ತಿಲ್ಲ. ಮೆಷಿನ್ ಕೊಟ್ಟಿದ್ದರಲ್ಲಿ ಏನು ತಪ್ಪಿದೆ ಅಂತ ಹೇಳೋ ಕಣ್ಣಿದ್ದೋರು ಉಳೀತಾರೆ ಅಂತ ನಾನು ನಂಬಿದ್ದೀನಿ. ನಂಬಿಕೆ ಅಷ್ಟೇ, ಅದರ ಮೇಲೆ ಸೈಟು ಮಾರಬೇಡ.

ಹುಡುಗ: ಎಷ್ಟು ಸಂಬಳ ಬರುತ್ತೆ ಅಂತಾನೂ ಕೇಳಬೇಕಿತ್ತು. ಕೇಳೋಕೇ ಭಯ ಆಗ್ತಿದೆ ಈಗ.

ಅಕ್ಕ: ಮೊದಲ ಎರಡು ಮೂರು ವರ್ಷ ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಿ ಊಟ ಮಾಡಬಹುದು, ಮನೆಗೆ ಕಳಿಸೋ ಹಾಗಿರಲ್ಲ. ಕೆಲಸದ ರೀತೀನೂ ತಿಳ್ಕೋ. ಸಿನಿಮಾಕ್ಕಾದ್ರೆ ವಾರವೆಲ್ಲ ಕೂತು ನಾಲ್ಕೈದು ಸೆಕೆಂಡು. ಟಿವಿ ಸೀರೀಸಿಗಾದ್ರೆ ಅಷ್ಟನ್ನ ದಿನಕ್ಕೇ ಕೇಳ್ತಾರೆ. ನಮ್ಮಲ್ಲಿ ಹೆಚ್ಚಿಗೆ ಇರೋದು ಎರಡನೇದು. ನಿನ್ನ ಸ್ಕೂಲು ಕಲಿಸೋದು ಮೊದಲನೇದು. ಆ ಸ್ಕೂಲಿಂದ ಬಂದ ಹುಡುಗರು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒದ್ದಾಡೋದು ಇಲ್ಲೇ. ಕೈ ಚೆನ್ನಾಗಿರುತ್ತೆ, ವೇಗ ಇರಲ್ಲ. ಆದ್ರೆ ವೇಗ ಆರು ತಿಂಗಳಲ್ಲಿ ಬರುತ್ತೆ. ಕೈ ಕೆಟ್ಟಿದ್ದೋರಿಗೆ ವೇಗದ ಜೊತೆ ಅದೇ ಕೆಟ್ಟದ್ದು ಗಟ್ಟಿಯಾಗುತ್ತೆ. ಹಾಗಾಗಿ ನಾನು ಆ ಸ್ಕೂಲಿನೋರ ಕಡೇನೇ ಓಟು ಹಾಕೋದು.

ಹುಡುಗ: ಇಷ್ಟೆಲ್ಲ ಹೆದರಿಸಿ, ಈಗ ಸೇರು ಅಂತಿದ್ದೀರಾ?

ಅಕ್ಕ: ಈ ತಿಂಗಳು ಬೇಡ. ಮೂರು ತಿಂಗಳಿಗೊಂದು ಬ್ಯಾಚ್ ಶುರುವಾಗುತ್ತೆ, ಅವರೇನೂ ಓಡಿಹೋಗಲ್ಲ. ಇನ್ನು ಹತ್ತೇ ಸೀಟು, ಇನ್ನು ಐದೇ ಸೀಟು ಅಂತ ಮೇಲ್ ಬರ್ತಿದ್ರೆ ಬರ್ತಿರಲಿ. ನಿಮ್ಮಪ್ಪಂಗೆ ಪರೀಕ್ಷೆ ಮುಗಿದ ಮೇಲೆ ನೋಡೋಣ ಅಂದ್ಲು ಅಂತ ಹೇಳು. ಅಲ್ಲೀ ತನಕ ಮೊದಲ ಟರ್ಮಿನ ಮೊದಲ ಪಾಠ ನಾನೇ ಕೊಡ್ತೀನಿ, ಎಲ್ಲ ಸ್ಕೂಲಲ್ಲೂ ಅದೇ ಇರೋದು. ಎರಡು ಚೆಂಡು ಮಾಡು. ಒಂದು ಷಾಟ್‌ಪುಟ್ ಗುಂಡು, ಒಂದು ಟೇಬಲ್ ಟೆನಿಸ್ ಚೆಂಡು. ಎರಡೂ ಒಂದೇ ಅಳತೆ, ಒಂದೇ ಬೂದು ಬಣ್ಣ. ನಾಲ್ಕು ಅಡಿ ಮೇಲಿಂದ ಬಿಡು. ನೋಡಿದ ತಕ್ಷಣ ಯಾವುದು ಯಾವುದು ಅಂತ ನಂಗೆ ಗೊತ್ತಾಗಬೇಕು.

ಹುಡುಗ: ಅಷ್ಟೇನಾ? ಗುಂಡು ಬೇಗ ಬೀಳುತ್ತೆ, ಚೆಂಡು ನಿಧಾನ.

ಅಕ್ಕ: ನೋಡು, ಶುರುವಾಯ್ತು. ಆ ಎತ್ತರದಿಂದ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬೀಳ್ತವೆ. ನಾಲ್ಕು ಅಡಿಗೆ ಅರ್ಧ ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 12 ಫ್ರೇಮು. ತೂಕ ಕಾಣೋದು ಬಿದ್ದ ಮೇಲೆ. ಗುಂಡು ಒಂದು ಸಲ ಅಲುಗಿ ಕೂತುಬಿಡುತ್ತೆ, ಚೆಂಡು ಎದ್ದೂ ಎದ್ದೂ ಬೀಳುತ್ತೆ. ಒಂದೊಂದು ಫ್ರೇಮಿನ ಚೆಂಡೂ ಎದ್ದಾಗ ತುದಿ ಹತ್ತಿರ ಒತ್ತೊತ್ತಾಗಿ, ಕೆಳಗೆ ಬರ್ತಾ ದೂರ ದೂರ ಇರಬೇಕು. ನೆಲ ಮುಟ್ಟೋ ಕಡೆ ಗ್ರಾಫಿನಲ್ಲಿ ಗೆರೆ ಚೂಪಾಗಿ ತಿರುಗಬೇಕು, ಅಲ್ಲಿ ದುಂಡಗಾಯ್ತೋ, ಚೆಂಡು ಹಾಸಿಗೆ ಮೇಲೆ ಬಿದ್ದ ಹಾಗಿರುತ್ತೆ.

ಹುಡುಗ: ಎರಡನೇ ಸಲ ಒಂದೇ ಅಡಿ ಎದ್ರೆ ಎಷ್ಟು ಫ್ರೇಮು? ಮೂರು?

ಅಕ್ಕ: ಎತ್ತರ ಕಾಲು ಭಾಗ ಆದ್ರೆ ಹೊತ್ತು ಅರ್ಧ ಆಗುತ್ತೆ, ಕಾಲು ಅಲ್ಲ. ಆರು ಹತ್ತೋಕೆ, ಆರು ಇಳಿಯೋಕೆ. ಪಿಯುಸಿ ಫಿಸಿಕ್ಸ್ ಇರಲಿಲ್ಲ ಅಲ್ವಾ ನಿಂಗೆ. ಲೆಕ್ಕ ಬಿಡು, ಮೊದಲು ಮೊಬೈಲಲ್ಲಿ ಸ್ಲೋಮೋಷನ್ ಇಟ್ಟು ನಿಜವಾದ ಚೆಂಡು ಬೀಳೋದನ್ನ ಹಿಡಿ, ಒಂದೊಂದೇ ಫ್ರೇಮು ತಿರುಗಿಸಿ ಬರ್ಕೋ. ಭಾನುವಾರ ರಾತ್ರಿಯೊಳಗೆ ಕಳಿಸು. ಸೋಮವಾರ ಕಳಿಸಿದ್ರೆ ನೋಡಲ್ಲ.

ಹುಡುಗ: ವಾಟ್ಸಾಪಲ್ಲಿ ಹಾಕ್ಲಾ?

ಅಕ್ಕ: ಬೇಡ, ಅದು ವಿಡಿಯೋ ಹಿಂಡಿ ಹಿಪ್ಪೆ ಮಾಡುತ್ತೆ, ಫ್ರೇಮ್ ನೋಡೋಕಾಗಲ್ಲ. ಡ್ರೈವಿಗೆ ಹಾಕಿ ಲಿಂಕ್ ಕಳಿಸು. ಬ್ಲೆಂಡರ್ ಫೈಲೂ ಜೊತೇಲಿರಲಿ, ಗ್ರಾಫಿನ ಕರ್ವ್ ನೋಡಬೇಕು ನಾನು.